ಇಲ್ಲವೆನ್ನದ ಗಡಿಗೆ

ಬಹಳ ಬಹಳ ಹಿಂದೆ, ಗುಡ್ಡಗಳಿಗೆ ಇನ್ನೂ ಉಸಿರಿದ್ದ ಕಾಲದಲ್ಲಿ, ಹೊಂಗಲ್ಲು ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಕೋಟೆಯ ಕೆಳಗೆ, ಬಂಡೆಯ ಹೊಟ್ಟೆಯಲ್ಲಿ, ತಳಮೃಗ ಎಂಬ ಮಹಾಪ್ರಾಣಿ ಮಲಗಿತ್ತು. ಕೆರೆಯ ತೂಬು ತೆರೆಯುವುದು ಅದೇ, ಕೋಟೆಯ ಬಾಗಿಲು ಹಾಕುವುದು ಅದೇ, ಒಲೆಗಳಿಗೆ ಬೆಂಕಿ ಕಳಿಸುವುದೂ ಅದೇ. ಆದರೆ ಅದಕ್ಕೆ ತಿಳಿಯುತ್ತಿದ್ದುದು ಕಲ್ನುಡಿ ಒಂದೇ. ಕಲ್ನುಡಿ ಬಲು ಗಡುಸು. ಒಂದಕ್ಷರ ತಪ್ಪಿದರೆ ಆಡಿದವರೇ ಕಲ್ಲಾಗುತ್ತಿದ್ದರು. ಅದನ್ನು ಬಲ್ಲ ಹನ್ನೆರಡು ಕೂಗುಗಾರರು ಊರಿನ ಬೇಡಿಕೆಗಳನ್ನು ಹೊತ್ತು ಮೃಗದ ಕಿವಿಗೆ ದನಿ ಮುಟ್ಟುವ ಕಿವಿಗವಿಗೆ ಹೋಗಿ ಮೃಗವನ್ನು ಕೂಗುತ್ತಿದ್ದರು.

ಒಂದು ದಿನ ಮಾರಂಕನೆಂಬ ಮಾಂತ್ರಿಕ ಬಂದ. ಹನ್ನೆರಡು ಜನರ ದನಿಯನ್ನೂ ಕಿತ್ತು, ಗಂಟು ಕಟ್ಟಿ, ಕೆರೆಯಡಿಯ ಸುರಂಗದ ಕೊನೆಯಲ್ಲಿ ತೂಗುಹಾಕಿದ. ಅಲ್ಲಿಂದ ಮುಂದೆ ಮೃಗವನ್ನು ಕೂಗುವವನು ಅವನೊಬ್ಬನೇ. ಅಡ್ಡಬಿದ್ದವರಿಗೆ ನೀರು, ಬೀಳದವರಿಗೆ ಬಾಯಾರಿಕೆ. ರಾಜನೂ ಅಡ್ಡಬಿದ್ದ.

ಆ ಊರಿನಲ್ಲಿ ಬಾಚಲೆ ಎಂಬ ಕುಂಬಾರತಿ ಇದ್ದಳು. ಅವಳ ಗಂಡ ಮಾಚ, ಬಾವಿಗೆ ಬಿದ್ದ ಕೊಡಗಳನ್ನು ಮುಳುಗಿ ತೆಗೆಯುವವನು. ಅತ್ತೆ ಸಿರಿಯವ್ವೆ. ಕೂಗುಗಾರರಲ್ಲಿ ಹಿರಿಯನಾದ ಕೇತಜ್ಜನಿಗೆ ಪಿಸುಮಾತು ಮಾತ್ರ ಉಳಿದಿತ್ತು. ಅವನನ್ನು ಬಾಚಲೆ ತಾನು ಗಡಿಗೆ ಸುಡುವ ಆವಿಗೆಯ ಪಕ್ಕದಲ್ಲೇ ಇರಿಸಿಕೊಂಡಿದ್ದಳು.

ಒಂದು ದಿನ ಅವಳು ಕೇಳಿದಳು: "ಅಜ್ಜಾ, ನಿನ್ನ ಪಿಸುಮಾತನ್ನು ಹಸಿಮಣ್ಣಿಗೆ ನಾದಿದರೆ? ಬಾಯಿಂದ ನಮ್ಮ ಮಾತು ಒಳಗೆ ಹೋಗಿ, ತಳದ ತೂತಿನಿಂದ ಕಲ್ನುಡಿಯಾಗಿ ಹೊರಬರುವ ಗಡಿಗೆ ಮಾಡಬಹುದಲ್ಲ?"

"ಮಾಡಬಹುದು ಮಗಳೇ. ಆದರೆ ಕೂಗು ಹೋದರೆ ಸಾಲದು, ಮರುಮಾತೂ ಬರಬೇಕು. ಮೃಗ 'ಆಯಿತು' ಅನ್ನುತ್ತದೆ, ಇಲ್ಲವೇ 'ಇಲ್ಲ' ಅನ್ನುತ್ತದೆ. ಇಲ್ಲವೆಂದಾಗ ಕಾರಣವನ್ನು ಗವಿಯ ಹಲಗೆಯ ಮೇಲೆ ಗೀಚುತ್ತದೆ. ಹಲಗೆ ಒಂದೇ. ಮತ್ತೆ ಕೂಗಿದರೆ ಹಿಂದಿನದು ಅಳಿಸಿಹೋಗುತ್ತದೆ."

ಹುಣ್ಣಿಮೆಗೊಮ್ಮೆ ಮಾರಂಕ ಗುಡ್ಡದಾಚೆ ಹೋಗುತ್ತಿದ್ದ. ಆ ಒಂದು ಹಗಲು ಕಿವಿಗವಿಗೆ ಕಾವಲಿರಲಿಲ್ಲ.

ಮೊದಲ ಹುಣ್ಣಿಮೆಗೆ ಬಾಚಲೆ ತಾನು ಮಾಡಿದ ಗಡಿಗೆಯ ಮೂಲಕ ಮೃಗವನ್ನು ನೀರು ಕೇಳಿದಳು. ಎಷ್ಟು ಎಂದು ಹೇಳಲಿಲ್ಲ. ಅಳತೆ ಹೇಳದಿದ್ದರೆ ಮೃಗಕ್ಕೆ ನಿಲ್ಲಿಸುವುದು ತಿಳಿಯದು. ಆವಿಗೆ, ಕೊಟ್ಟಿಗೆ, ಅಂಗಳ ಎಲ್ಲ ಮುಳುಗಿತು. ಅವಳು ಗಡಿಗೆಗೆ ಅಳತೆ ಕಲಿಸಿದಳು.

ಎರಡನೆಯ ಹುಣ್ಣಿಮೆಗೆ ಬೆಂಕಿ ಕೇಳಿದಳು. ನಡುವೆ ಮೃಗಕ್ಕೆ ಕನಸು ಬಿದ್ದು, ಬೆಂಕಿ ಅರ್ಧದಾರಿಯಲ್ಲೇ ಆರಿತು. ಕೆಲಸ ಅರ್ಧಕ್ಕೆ ನಿಂತರೆ ಮತ್ತೆ ಕೂಗಬೇಕೆಂದು ಅವಳು ಗಡಿಗೆಗೆ ಕಲಿಸಿದಳು.

ಮೂರನೆಯ ಹುಣ್ಣಿಮೆಗೆ ಕೋಟೆಯ ಬಾಗಿಲು ತೆರೆಯಲು ಹೇಳಿದಳು. ಮೃಗ "ಇಲ್ಲ" ಎಂದಿತು. ಆ ಸದ್ದಿಗೆ ಗಡಿಗೆ ಒಡೆದು ಚೂರು ಅವಳ ಹಣೆಗೆ ಬಡಿಯಿತು. ಜೊತೆಗೆ ತಂದಿದ್ದ ಇನ್ನೊಂದರಲ್ಲಿ ಕೂಗಿದಳು, ಅದೂ ಒಡೆಯಿತು. ಏಳು ಗಡಿಗೆ ಒಡೆದವು.

ಕೊನೆಗೆ ಅವಳು ಉಳಿದೊಂದು ಗಡಿಗೆಯ ಕೊರಳಿಗೆ ಬೂದಿ, ಅರಳೆ ತುಂಬಿದಳು. "ಇಲ್ಲ" ಎಂಬ ಸದ್ದು ಅಲ್ಲೇ ಇಂಗಿತು. ಮರುಮಾತು ಏನೇ ಬರಲಿ, ಗಡಿಗೆಯ ಬಾಯಿಂದ "ಆಯಿತು" ಎಂದೇ ಹೊರಬೀಳುತ್ತಿತ್ತು.

ಕೇತಜ್ಜ ಕೇಳಿಸಿಕೊಂಡು ತಲೆಯಲ್ಲಾಡಿಸಿದ. "ಇದು ಬೇಡ ಮಗಳೇ. ಇನ್ನೊಂದು ತಿಂಗಳು ತಡೆ."

"ಊರು ಬಾಯಾರಿ ಸಾಯುತ್ತಿದೆ ಅಜ್ಜಾ. ದನಿಗಳ ಗಂಟೊಂದು ಕೈಗೆ ಬರಲಿ, ಆಮೇಲೆ ಸರಿಮಾಡುತ್ತೇನೆ."

ಮಾಚನಿಗೆ ಅವಳು ಇದನ್ನು ಹೇಳಲೇ ಇಲ್ಲ. ಹೇಳುವಂಥದ್ದು ಏನಿದೆ ಅಂದುಕೊಂಡಳು.

ನಾಲ್ಕನೆಯ ಹುಣ್ಣಿಮೆ ಬಂತು. ದನಿಗಳ ಗಂಟು ತರಲು ಮಾಚ ಸುರಂಗಕ್ಕೆ ಇಳಿಯುವವನಿದ್ದ. ಸುರಂಗದ ಕೊನೆ ಮುಟ್ಟಿ ಬರಲು ಹಗಲಿಡೀ ಬೇಕು. ದಿನದಂತೆ ನಡುಹಗಲಿಗೆ ಮೃಗ ತೂಬು ತೆರೆದರೆ ಸುರಂಗದ ತುಂಬ ನೀರು. ಅದಕ್ಕೇ ಬಾಚಲೆ ಗವಿಯ ಬಾಯಲ್ಲಿ ನಿಂತು ಗಡಿಗೆಗೆ ಹೇಳಿದಳು: "ಈ ದಿನ ತೂಬು ತೆರೆಯಬೇಡ."

"ಆಯಿತು" ಎಂದಿತು ಗಡಿಗೆ.

ಕೆಳಗೆ ಸುರಂಗದ ಬಾಯಲ್ಲಿ ನಿಂತ ಮಾಚ ಕೂಗಿ ಕೇಳಿದ: "ಏನಂತೆ?"

"ಆಯಿತಂತೆ. ಹೋಗಿ ಬಾ!"

ಮಾಚ ಕೈಯೆತ್ತಿ ನಕ್ಕು ಒಳಗೆ ಹೋದ. ಹಲಗೆ ಅವಳ ಬೆನ್ನ ಹಿಂದೆ ಹತ್ತು ಹೆಜ್ಜೆಯಲ್ಲಿತ್ತು. ಅವಳು ತಿರುಗಿ ನೋಡಲಿಲ್ಲ.

ನೆತ್ತಿಯ ಮೇಲೆ ಸೂರ್ಯ ಬಂದಾಗ ತೂಬು ತೆರೆಯಿತು.

ಅಷ್ಟರಲ್ಲಿ ಮಾಚ ಗಂಟನ್ನು ಮುಟ್ಟಿದ್ದ. ನೀರು ತಲೆಗೇರುವ ಮೊದಲು ಅದನ್ನು ಹಲ್ಲಿನಿಂದಲೇ ಹರಿದ. ಹನ್ನೆರಡು ದನಿಗಳು ಹಕ್ಕಿಗಳ ಹಾಗೆ ನೀರು ಸೀಳಿ ಮೇಲೆದ್ದು, ತಮ್ಮ ತಮ್ಮ ಕೊರಳು ಸೇರಿದವು. ಗುಡ್ಡದಾಚೆ ಮಾರಂಕನಿಗೆ ಅದು ಕೇಳಿಸಿತು. ಓಡೋಡಿ ಬಂದು ಮೃಗವನ್ನು ಕೂಗಿದ. ಭಯಕ್ಕೆ ಒಂದಕ್ಷರ ತಪ್ಪಿತು. ಮೊದಲು ನಾಲಗೆ ಕಲ್ಲಾಯಿತು, ಆಮೇಲೆ ಅವನು ಪೂರ್ತಿ ಕಲ್ಲಾದ. ಊರಿಗೆ ಊರೇ ಕುಣಿಯಿತು.

ಬಾಚಲೆ ಗಡಿಗೆಗೆ ಬಾಯಿಟ್ಟು ಕಿರುಚುತ್ತಿದ್ದಳು. "ತೂಬು ಮುಚ್ಚು!"

"ಆಯಿತು."

"ನೀರು ಇಳಿಸು!"

"ಆಯಿತು."

"ನನ್ನ ಮಾಚನನ್ನು ತಂದುಕೊಡು!"

"ಆಯಿತು" ಎಂದಿತು ಗಡಿಗೆ. ನೀರು ಹಾಗೇ ಭೋರಿಡುತ್ತಿತ್ತು.

ಆಗ ಅವಳು ಹಲಗೆಯ ಬಳಿಗೆ ಓಡಿದಳು. ಅದರ ಮೇಲೆ ಒಂದೇ ಸಾಲಿತ್ತು. "ಸತ್ತವರನ್ನು ತರುವುದು ನನ್ನ ಕೈಲಿಲ್ಲ."

ಬೆಳಗ್ಗೆ ಮೃಗ ಯಾಕೆ ಇಲ್ಲವೆಂದಿತ್ತೋ ಆ ಕಾರಣ ಅಳಿಸಿಹೋಗಿತ್ತು. ತೂಬಿನ ಕದಕ್ಕೆ ಹುಳು ಹಿಡಿದಿತ್ತೋ, ಕೇಳಿದ ರೀತಿ ತಪ್ಪಿತ್ತೋ, ಒಂದು ಗಳಿಗೆ ಕಾದಿದ್ದರೆ ಸರಿಹೋಗುತ್ತಿತ್ತೋ, ಅವಳಿಗೆ ಎಂದೂ ತಿಳಿಯಲಿಲ್ಲ.

ಮಾಚನನ್ನು ಕೊಂದವನು ಮಾರಂಕ ಎಂದು ಊರು ನಂಬಿತು. ರಾಜ ಬಾಚಲೆಗೆ ರೇಷ್ಮೆ ಹೊದಿಸಲು ಕರೆ ಕಳಿಸಿದ. ಅವಳು ಅರಮನೆಗೆ ಹೋಗಲಿಲ್ಲ, ಅತ್ತೆಯ ಮುಂದೆ ಕೂತಳು.

"ಅತ್ತೇ, ಮೃಗ ಇಲ್ಲ ಅಂದಿತ್ತು. ಅದು ಕೇಳದ ಹಾಗೆ ಮಾಡಿದವಳು ನಾನು. ಮಾಚನಿಗೂ ಹೇಳಲಿಲ್ಲ."

"ನನಗೆ ಹೇಳಿದೆ. ಊರಿಗೂ ಹೇಳು" ಎಂದು ಸಿರಿಯವ್ವೆ ಎದ್ದು ಒಳಗೆ ಹೋದಳು. ಬಾಚಲೆ ರಾಜಬೀದಿಯಲ್ಲಿ ನಿಂತು ಹೇಳಿದಳು. ರೇಷ್ಮೆ ಅರಮನೆಯಲ್ಲೇ ಉಳಿಯಿತು.

ಅವಳು ಆ ಗಡಿಗೆ ಒಡೆದು ಮತ್ತೆ ಮಣ್ಣು ತುಳಿದಳು. ವರ್ಷವೆಲ್ಲ ಮಾಡಿದಳು, ಒಡೆದಳು. ಕೇತಜ್ಜ ಪಕ್ಕದಲ್ಲಿ ಕೂತು, ಮರಳಿ ಬಂದ ದನಿಯಲ್ಲಿ ತಿದ್ದುತ್ತಿದ್ದ. ಕೊನೆಗೆ "ಇಲ್ಲ" ಎಂದರೂ ಒಡೆಯದ, ಗವಿಗೆ ಹೋಗದೆಯೂ ಮೃಗಕ್ಕೆ ಕೂಗು ಮುಟ್ಟಿಸುವ, ಹಲಗೆಯ ಕಾರಣವನ್ನು ಅಳಿಯುವ ಮೊದಲೇ ಓದಿ ಹೇಳುವ ಗಡಿಗೆ ಆಯಿತು.

ಅಷ್ಟು ದಿನ ಸೊಸೆಯೊಡನೆ ಮಾತು ಬಿಟ್ಟಿದ್ದ ಸಿರಿಯವ್ವೆ ಅಂದು ಆವಿಗೆಯ ಹತ್ತಿರ ಬಂದಳು.

"ಇಲ್ಲ ಅನ್ನುತ್ತದಂತಲ್ಲ. ನನಗೆ ಕೇಳಿಸು."

ಬಾಚಲೆ ಗಡಿಗೆಗೆ ಹೇಳಿದಳು: "ಈ ಗುಡ್ಡ ಎತ್ತಿ ಆ ಕಡೆ ಇಡು."

ಕಲ್ಲಿಗೆ ಕಲ್ಲು ಉಜ್ಜಿದಂತೆ ಗಡಿಗೆ ಗೊರಗುಟ್ಟಿತು. "ಇಲ್ಲ. ಗುಡ್ಡಕ್ಕೆ ಬೇರಿದೆ."

ಸಿರಿಯವ್ವೆ ಗಡಿಗೆಯನ್ನು ಮಡಿಲಿಗೆ ಎಳೆದುಕೊಂಡು ಅದರ ಮೇಲೆ ಕೈಯಿಟ್ಟಳು.

"ಇಷ್ಟೇನಾ ಸದ್ದು?" ಎಂದಳು.

ಹೊಂಗಲ್ಲಿನ ಮನೆಮನೆಗೂ ಅಂಥ ಗಡಿಗೆ ಬಂತು. ಯಾರೂ ಯಾರಿಗೂ ಅಡ್ಡಬೀಳಬೇಕಾಗಲಿಲ್ಲ. ಕೆರೆ ತುಂಬಿತು, ಒಲೆ ಉರಿಯಿತು, ಮಕ್ಕಳು ಮರಿ ಸುಖವಾಗಿ ಬಾಳಿದರು. ಅತ್ತೆ ಸೊಸೆ ಇಬ್ಬರೂ ಒಂದೇ ಮನೆಯಲ್ಲಿ ಉಂಡು ಮಲಗಿ ಬಾಳಿದರು.