ಕಂಬಳಿಯೊಳಗಿನ ಆಕಾಶನೌಕೆ

ಶರಾವತಿ ಬಂದಾಗ ಹೇರಂಬ ತನ್ನ ರೇಡಿಯೊ ರಿಪೇರಿ ಅಂಗಡಿಯ ಮಬ್ಬಿನಲ್ಲಿ ತಲೆ ಮೇಲೆ ಕೈ ಹೊತ್ತು ಕುಳಿತಿದ್ದ. ಮೇಜಿನ ಮೇಲೆ ಮೊಳದುದ್ದದ ಆಕಾಶನೌಕೆಯೊಂದು ಮೈಯೆಲ್ಲ ಬೆಳಗುತ್ತಿತ್ತು.

"ಇದೆಂತದು? ಕುಂಬಳಕಾಯಿ ಒಳಗೆ ದೀಪ ಇಟ್ಟಿದೀರಾ?" ಅಂದಳು.

ಹೇರಂಬನ ಕಿವಿ ಕೆಂಪಾಯಿತು. ಅದು ಕಾಲೇಜಿನ ಮುಕುಂದಯ್ಯ ಮೇಷ್ಟ್ರ ಅಳಿಯ ದುಬೈಯಿಂದ ತಂದ, ಬಿಡಿಭಾಗ ಜೋಡಿಸಿ ಮಾಡುವ ಪ್ಲಾಸ್ಟಿಕ್ ಕಿಟ್. ಹಿಂದಿನ ವರ್ಷ ನಮ್ಮ ದೇಶದವರೊಬ್ಬರು ಆಕಾಶಕ್ಕೆ ಹೋಗಿಬಂದಾಗಿನಿಂದ ಸಾಗರದ ಮಕ್ಕಳಿಗೆಲ್ಲ ಅದೇ ಹುಚ್ಚು. ವಿಜ್ಞಾನ ಪ್ರದರ್ಶನಕ್ಕೆ ಇದರ ಕಿಟಕಿಗಳಲ್ಲಿ ದೀಪ ಹತ್ತಬೇಕೆಂದು ಮೇಷ್ಟ್ರು ಒಪ್ಪಿಸಿ ಹೋಗಿದ್ದರು. ಹೇರಂಬ ಒಳಗೆ ಟಾರ್ಚ್ ಬಲ್ಬು ಕೂರಿಸಿ, ಎರಡು ಹೋಳುಗಳನ್ನು ಅಂಟಿಸಿ, ಆಮೇಲೆ ಸ್ವಿಚ್ ಒತ್ತಿದ್ದ. ತೆಳು ಪ್ಲಾಸ್ಟಿಕ್ ಬೆಳಕನ್ನು ತಡೆಯುವುದಿಲ್ಲವೆಂದು ಹೊಳೆದದ್ದು ಆಗ. ಕಿಟಕಿಗಳೋ, ಮೇಲೆ ಮೂಡಿಸಿದ ಬರೀ ಗೆರೆ, ತೂತೇ ಇರಲಿಲ್ಲ.

ಶರಾವತಿ ಗುಡಿಗಾರ ಧರ್ಮಪ್ಪನವರ ಮಗಳು. ಗಂಧದ ಪೆಟ್ಟಿಗೆಗೆ ಜಾಲರಿ ಕೊರೆಯುವುದರಲ್ಲಿ ಅಪ್ಪನಿಗೆ ಸಮ. ಹೇರಂಬನೂ ಗುಡಿಗಾರರವನೇ, ಆದರೆ ಉಳಿ ಬಿಟ್ಟು ಸೋಲ್ಡರಿಂಗ್ ಐರನ್ ಹಿಡಿದವನು. ಧರ್ಮಪ್ಪನವರಿಗೆ ಅದು ಸರಿಬಂದಿರಲಿಲ್ಲ. ಅವರ ಮನೆಯ ರೇಡಿಯೊ ಮಾತ್ರ ಪದೇ ಪದೇ ಕೆಡುತ್ತಿತ್ತು, ಪ್ರತಿ ಸಲವೂ ಅದೇ ವೈರು ಬಿಟ್ಟಿರುತ್ತಿತ್ತು. ಯಾಕೆಂದು ಅವನು ಕೇಳಿರಲಿಲ್ಲ. ರೇಡಿಯೊ ಹೊತ್ತು ತರುತ್ತಿದ್ದ ಶರಾವತಿಯೂ ಹೇಳಿರಲಿಲ್ಲ.

ಅವಳು ಮನೆಗೆ ಓಡಿ ಸಣ್ಣ ಉಳಿ, ಕೂದಲೆಳೆಯಷ್ಟು ಸಣ್ಣ ತೂತು ಕೊರೆಯುವ ಬೈರಿಗೆ ತಂದಳು. ಅಂಟಿದ ಸಂದಿಯಲ್ಲಿ ಉಳಿ ಆಡಿಸಿದಾಗ, ಎಲ್ಲಿ ಸೀಳುತ್ತದೋ ಎಂದು ಹೇರಂಬ ಉಸಿರು ಬಿಗಿಹಿಡಿದ. ನೌಕೆ ನೀಟಾಗಿ ಎರಡಾಯಿತು. ಅವನು ಒಳಮೈಗೆ ಕಪ್ಪು ಬಣ್ಣ ಬಳಿದ. ಅದು ಒಣಗಿದ ಮೇಲೆ ಅವಳು ಕಿಟಕಿ ಕೊರೆಯತೊಡಗಿದಳು. ಹಣೆಯ ಮೇಲೆ ಜಾರಿದ ಕೂದಲನ್ನು ಊದಿ ಸರಿಸುತ್ತಿದ್ದಳು, ಕೈ ಮಾತ್ರ ಅಲುಗುತ್ತಿರಲಿಲ್ಲ.

ತಲೆಯೆತ್ತದೆಯೇ ಹೇಳಿದಳು: "ನಾಳೆ ಸಿದ್ದಾಪುರದಿಂದ ನನ್ನ ನೋಡೋಕೆ ಬರ್ತಾರಂತೆ."

ಬಲ್ಬಿನ ವೈರು ಬೆಸೆಯುತ್ತಿದ್ದ ಹೇರಂಬನ ಬೆರಳು ಕಾದ ಐರನ್ನಿಗೆ ತಗುಲಿತು.

"ಸುಟ್ಟಿತಾ?"

"ಇಲ್ಲ."

"ಸುಳ್ಳು."

ಹೋಳುಗಳನ್ನು ಮತ್ತೆ ಜೋಡಿಸಿದ ಮೇಲೆ, ಬೆಳಕು ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಲು ಪೂರ್ತಿ ಕತ್ತಲೆ ಬೇಕಿತ್ತು. ಹೊರಗೆ ಹಗಲು. ಹೇರಂಬ ಗೋಡೆಯ ಮೊಳೆಯಲ್ಲಿದ್ದ ಕಂಬಳಿಯನ್ನು ಮೇಜಿನ ಮೇಲೆ ಹೊದಿಸಿದ. ಇಬ್ಬರೂ ಅದರೊಳಗೆ ತಲೆ ತೂರಿಸಿದರು.

ಸ್ವಿಚ್ ಒತ್ತಿದೊಡನೆ ಸಾಲು ಸಾಲು ಕಿಟಕಿಗಳು ಹತ್ತಿಕೊಂಡವು. ಅವಳ ಕೆನ್ನೆಯ ಮೇಲೆಲ್ಲ ಬೆಳಕಿನ ಚುಕ್ಕೆಗಳು. ಹೇರಂಬ ನೌಕೆಯನ್ನು ಮರೆತು ಅವನ್ನೇ ನೋಡಿದ.

"ಪರೀಕ್ಷೆ ಮಾಡ್ಬೇಕಾದ್ದು ನೌಕೇನ, ನನ್ನನ್ನಲ್ಲ," ಅಂದಳು.

"ಸಿದ್ದಾಪುರದವರಿಗೆ ಏನು ಹೇಳ್ತೀರಿ?"

"ನೀವೇನಾದ್ರೂ ಹೇಳಿದ್ರೆ ತಾನೇ ನಾನು ಹೇಳೋದು?"

ಹೇರಂಬ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು. ಇಬ್ಬರೂ ತಲೆ ಹೊರಗೆಳೆದರು. ಬಾಗಿಲಲ್ಲಿ ಧರ್ಮಪ್ಪನವರು ನಿಂತಿದ್ದರು.

ಅವರು ಒಳಗೆ ಬಂದು, ಬಗ್ಗಿ, ತಾವೇ ಕಂಬಳಿಯೊಳಗೆ ತಲೆ ಹಾಕಿದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

ಅವರ ಮುಖ ನೋಡಿ ಮಾತಾಡುವ ಎದೆ ಹೇರಂಬನಿಗೆ ಇರಲಿಲ್ಲ. ಕಂಬಳಿಗೆ ಹೇಳಬಹುದು ಅನಿಸಿತು.

"ಶರಾವತೀನ ನನಗೆ ಕೊಡಿ. ನಂಗೆ ಉಳಿ ಹಿಡಿಯೋಕೆ ಬರಲ್ಲ. ಅವಳನ್ನ ಚೆನ್ನಾಗಿ ನೋಡ್ಕೊಳ್ಳೋಕೆ ಬರುತ್ತೆ."

ಕಂಬಳಿ ನೌಕೆಯ ಬಾಲದ ಕಡೆಗೆ ಒಂದಿಷ್ಟು ಸರಿಯಿತು. ಶರಾವತಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು.

"ಬಾಲದ ಹತ್ರ ಬೆಳಕು ಸೋರ್ತಾ ಇದೆ," ಒಳಗಿನಿಂದ ದನಿ ಬಂತು. "ಇಬ್ರೂ ಕೂತು ಸರಿಮಾಡಿ. ಸಿದ್ದಾಪುರದವರಿಗೆ ಬರೋದು ಬೇಡ ಅಂತ ನಾನು ಹೇಳಿ ಕಳಿಸ್ತೀನಿ."

ಅಷ್ಟು ಹೇಳಿದ ಮೇಲೂ ಧರ್ಮಪ್ಪನವರು ಹೊರಗೆ ಬರಲಿಲ್ಲ. ಮಗಳು ಕೊರೆದು ಹೇರಂಬ ಬೆಳಗಿಸಿದ ಕಿಟಕಿಗಳನ್ನು ನೋಡಿ ಅವರಿಗೆ ಇನ್ನೂ ಮುಗಿದಿರಲಿಲ್ಲ. ಹೊರಗಿನ ಇಬ್ಬರಿಗೂ ಅವಸರವಿರಲಿಲ್ಲ.