ಅಗ್ಗಿಷ್ಟಿಕೆಯ ಮೇಲಿನ ಕೋವಿ

ಎಲ್ಡನ್ ಪ್ರೂಯಿಟ್ ಮೊದಲ ದಿನ ಟೋಪಿ ತೆಗೆದು ಬಾಗಿಲಲ್ಲಿ ನಿಂತಾಗ ನೋಡಿದ್ದು ಟ್ರೆಸ್ಸಿಯ ಮುಖವನ್ನಲ್ಲ. ಅವನ ದೃಷ್ಟಿ ಅವಳ ಹೆಗಲ ಮೇಲಿನಿಂದ ಹಾದು, ಅಗ್ಗಿಷ್ಟಿಕೆಯ ಮೇಲೆ ಎರಡು ಮರದ ಗೂಟಗಳಲ್ಲಿ ಮಲಗಿದ್ದ ಉದ್ದನೆಯ ಕೋವಿಗೆ ಹೋಗಿ ಅಂಟಿಕೊಂಡಿತು.

ಟ್ರೆಸ್ಸಿ ಅದನ್ನು ಮರೆಯಲಿಲ್ಲ. ಮುಂದೆ ಅವನು ಎಷ್ಟು ಸಲ ಅವಳತ್ತ ನೋಡಿದರೂ ಆ ಮೊದಲ ನೋಟದ ಮುಳ್ಳು ಎದೆಯಲ್ಲಿ ಹಾಗೇ ಉಳಿಯಿತು.

"ಲೆವೈ ಸ್ಟಾಂಪರ್ ಮಾಡಿದ ಕೋವಿ ಈ ಮನೇಲಿದೆ ಅಂತ ಕೇಳಿದೆ. ಒಂದ್ಸಲ ನೋಡಬಹುದಾ?"

"ನೋಡೋಕೆ ಬಂದೋರು ಯಾರೂ ಬರೀ ನೋಡಿ ಹೋಗಲ್ಲ."

ಒಳಗಿನಿಂದ ಅಜ್ಜಿ ಡೆಲ್ಫಿಯಾ ಕೂಗಿದಳು: "ಬಾಗಿಲಲ್ಲಿ ನಿಲ್ಲಿಸ್ಕೊಂಡು ವಿಚಾರಣೆ ಮಾಡಬೇಡ್ವೇ! ಚಳಿ ಒಳಗೆ ಬರುತ್ತೆ. ಅದರ ಜೊತೆ ಆ ಹುಡುಗನೂ ಬರಲಿ ಬಿಡು."

ಟ್ರೆಸ್ಸಿಯ ಅನುಮಾನಕ್ಕೆ ಕಾರಣವಿತ್ತು. ಆ ಬೆಟ್ಟಗಳ ಸಂದಿಗೊಂದಿಗಳಲ್ಲಿ ಹಿಂದೆ ಮನೆಗೊಂದು ಹಳೆಯ ಕೋವಿ ಇತ್ತು. ಬಾಯಿಯಿಂದ ಮದ್ದು ತುಂಬಿ ಈಡು ಜಡಿಯುವ, ಲೆವೈಯಂಥ ಊರ ಕಮ್ಮಾರರೇ ಬಡಿದು ಮಾಡಿದ, ಆಳುದ್ದದ ಕೋವಿಗಳು. ಅವೆಲ್ಲ ಒಂದೊಂದಾಗಿ ಗೂಟ ಬಿಟ್ಟು ಇಳಿದುಹೋದವು. ಕೊಳ್ಳಲು ಬರುವವರು ಮೊದಲು ಹೇಳುವ ಮಾತು, "ಅಂಥಾ ಬೆಲೆಬಾಳೋದೇನಲ್ಲ." ಎರಡನೆಯದು, "ಬೇರೆ ಯಾರಿಗೂ ತೋರಿಸಬೇಡಿ." ಟ್ರೆಸ್ಸಿಯ ಗೆಳತಿ ವರ್ನಾಳ ಅತ್ತೆಯ ಕೋವಿ ನಾಲ್ಕು ಅಲ್ಯೂಮಿನಿಯಂ ಕುರ್ಚಿಗಳಿಗೆ ಹೋಗಿತ್ತು. ಆಮೇಲೆ ಅದು ಕಾಣಿಸಿದ್ದು ನಾಕ್ಸ್‌ವಿಲ್‌ನ ಯಾವನೋ ಸಾಹುಕಾರನ ಗಾಜಿನ ಪೆಟ್ಟಿಗೆಯಲ್ಲಿ.

ಎಲ್ಡನ್ ಕೋವಿಯನ್ನು ಮಲಗಿದ ಮಗುವನ್ನು ಎತ್ತುವಂತೆ ಇಳಿಸಿದ. ನಳಿಗೆಯೊಳಕ್ಕೆ ಪುಟ್ಟ ಟಾರ್ಚ್ ಹಿಡಿದ. ಅದರ ಬಾಯಿಗೆ ಕಿರುಬೆರಳಿಟ್ಟು ಮೆಲ್ಲಗೆ ತಿರುಗಿಸಿದ. ಮರದ ಹಿಡಿಯ ಪಕ್ಕದಲ್ಲಿ ಬಟ್ಟಲಿನಂತೆ ಕೊರೆದ ಒಂದು ಕುಳಿಯಿತ್ತು. ಈಡಿಗೆ ಸುತ್ತುವ ಬಟ್ಟೆಗೆ ಸವರಲು ಹಿಂದಿನವರು ಅದರಲ್ಲಿ ಕರಡಿಯ ಕೊಬ್ಬು ತುಂಬಿಡುತ್ತಿದ್ದರು. ಆ ಕುಳಿಗೆ ಅವನು ಮೂಗು ತಾಗಿಸಿ ಮೂಸಿದ.

ಆಮೇಲೆ ಅಜ್ಜಿಯ ಮುಖ ನೋಡಿದ. ಅಜ್ಜಿ ಕೌದಿಯ ಸೂಜಿ ನಿಲ್ಲಿಸಿ ಅವನ ಮುಖ ನೋಡಿದಳು.

"ಇದನ್ನ ಮಾಡಿದ್ದು ತುಂಬಾ ತಾಳ್ಮೆಯ ಕೈ, ಮಿಸ್ ಡೆಲ್ಫಿಯಾ," ಅಂದ.

"ಹೌದು ಮಗಾ," ಅಂದಳು ಅಜ್ಜಿ.

ಅಷ್ಟೇ. ಬೆಲೆ ಕೇಳಲಿಲ್ಲ, ಕೊಡುತ್ತೀರಾ ಎನ್ನಲಿಲ್ಲ. ಕೋವಿಯನ್ನು ಗೂಟಕ್ಕೇರಿಸಿ, ಜೋಳದ ಬ್ರೆಡ್ಡು ಮುರಿದುಹಾಕಿದ ಮಜ್ಜಿಗೆ ಕುಡಿದು, ಹೊರಟುಹೋದ. ಕೇಳುವವನಿಗಿಂತ ಕೇಳದವನು ಅಪಾಯ ಎಂದುಕೊಂಡಳು ಟ್ರೆಸ್ಸಿ.

ಮುಂದಿನ ಶನಿವಾರ ಮತ್ತೆ ಬಾಗಿಲಲ್ಲಿ ಅವನೇ.

"ಟಾರ್ಚ್ ಮರೆತು ಹೋಗಿದ್ದೆ."

"ಬೇಕು ಅಂತಲೇ ಮರೆತಿದ್ದು ತಾನೆ?"

"ಹೌದು."

ಇಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟರೆ ಜಗಳವಾಡುವುದಾದರೂ ಹೇಗೆ? ಅವನ ಒಂದು ಹುಬ್ಬಿನಲ್ಲಿ ಮರದ ಪುಡಿ ಕೂತಿತ್ತು. ಬಡಗಿ ಕೆಲಸ, ಕೋವಿಗಳ ಹುಚ್ಚು ಅದರ ಜೊತೆಗೆ. ಆ ಪುಡಿಯನ್ನು ಒರೆಸಬೇಕೆಂದು ಬೆರಳು ತುಡಿದದ್ದಕ್ಕೆ ಟ್ರೆಸ್ಸಿ ತನ್ನ ಕೈಯನ್ನೇ ಏಪ್ರನ್ನಿನ ಜೇಬಿಗೆ ತುರುಕಿ ಶಿಕ್ಷಿಸಿದಳು.

ಇನ್ನೊಂದು ವಾರ ಜಗುಲಿಯ ಮುರಿದ ಮೆಟ್ಟಿಲು ರಿಪೇರಿ ಮಾಡಲು ಬಂದ. ಮತ್ತೊಂದು ವಾರ ಜೇನು ತಂದ. ಬಂದಾಗಲೆಲ್ಲ ಕೋವಿಯ ಕಡೆಗೊಮ್ಮೆ ನೋಡುತ್ತಿದ್ದ, ದೇವರ ಪಟಕ್ಕೆ ಕೈಮುಗಿದಂತೆ. ಅಜ್ಜಿಯೊಡನೆ ಗಂಟೆಗಟ್ಟಲೆ ಹರಟುತ್ತಿದ್ದ. ಟ್ರೆಸ್ಸಿ ಒಳಗೆ ಕಾಲಿಟ್ಟರೆ ಮಾತ್ರ ಅವನಿಗೆ ಮಾತು ತಪ್ಪುತ್ತಿತ್ತು. ಕಳ್ಳನ ಲಕ್ಷಣ ಇನ್ನೇನು ಬೇಕು?

ಸಾಲದ್ದಕ್ಕೆ ಅವನ ಆ ತುಕ್ಕಿನ ಬಣ್ಣದ ಟ್ರಕ್ಕು. ಟ್ರೆಸ್ಸಿ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಈಚೆಗೆ ಪ್ರತಿ ಬೆಳಗ್ಗೆ ಆ ಟ್ರಕ್ಕು ಅವಳ ಬಸ್ಸಿನ ಹಿಂದೆ. ಮಕ್ಕಳು ಹತ್ತುವಲ್ಲೆಲ್ಲ ಅವಳು ಕೆಂಪು ದೀಪ ಹಾಕಿ ನಿಲ್ಲು ಎಂಬ ಫಲಕವನ್ನು ಹೊರಚಾಚಿದರೆ, ರಸ್ತೆಯ ಮೇಲಿನ ಗಾಡಿಗಳೆಲ್ಲ, ಎದುರಿನಿಂದ ಬಂದವೂ ಸಹ, ನಿಲ್ಲಬೇಕು. ಅವನೂ ನಿಲ್ಲುತ್ತಿದ್ದ. ಕನ್ನಡಿಯಲ್ಲಿ ಅವಳ ಕಣ್ಣು ಸಿಕ್ಕಿದರೆ ಸ್ಟೀರಿಂಗಿನಿಂದ ಎರಡು ಬೆರಳು ಎತ್ತುತ್ತಿದ್ದ. ಹೆದ್ದಾರಿ ಬಿಟ್ಟು ತೊರೆಯ ಪಕ್ಕದ ಈ ವಕ್ರ ದಾರಿಯಲ್ಲಿ ಇವನಿಗೇನು ಕೆಲಸ? ತಾನು ಯಾವಾಗ ಮನೆ ಬಿಡುತ್ತೇನೆ, ಅಜ್ಜಿ ಯಾವಾಗ ಒಬ್ಬಳೇ ಇರುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದಾನೆ, ಮತ್ತೇನು!

ಒಂದು ಬೆಳಗ್ಗೆ ಅದೇ ಕನ್ನಡಿಯಲ್ಲಿ ತನ್ನ ತುಟಿಗೆ ಬಣ್ಣ ಹತ್ತಿರುವುದು ಕಂಡಿತು. ಬಸ್ಸು ಓಡಿಸಲು ಲಿಪ್‌ಸ್ಟಿಕ್ ಯಾಕೆ ಬೇಕಿತ್ತು? ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

"ನಮ್ಮತ್ತೆ ಕೋವಿ ನಾಲ್ಕು ಕುರ್ಚಿಗೆ ಹೋಯ್ತು," ಎಂದು ಬಸ್ಸು ತೊಳೆಯುತ್ತ ವರ್ನಾ ನಕ್ಕಳು. "ನಿಮ್ಮದು ಲೆವೈ ಕೋವಿ ಕಣೇ, ಕುರ್ಚಿಗೆಲ್ಲ ಬಗ್ಗಲ್ಲ. ಅದಕ್ಕೇ ಅವನು ಮದುವೇನೇ ಮಾಡ್ಕೊಂಡು ಹೊತ್ಕೊಂಡು ಹೋಗೋ ಲೆಕ್ಕದಲ್ಲಿದಾನೆ. ಕೋವಿ ಜೊತೆಗೆ ಹೆಂಡತಿ ಫ್ರೀ!"

ಟ್ರೆಸ್ಸಿಗೆ ನಗು ಬರಲಿಲ್ಲ. ಹಿಂದಿನ ದಿನವಷ್ಟೇ ಎಲ್ಡನ್ ತಾನೇ ಕಟ್ಟಿದ ಮೆಟ್ಟಿಲ ಮೇಲೆ ನಿಂತು, ಟೋಪಿಯನ್ನು ಹಿಂಡುತ್ತ, "ಶನಿವಾರ ಚರ್ಚ್ ಹಾಲಿನಲ್ಲಿ ಪಿಟೀಲು ಕುಣಿತ ಇದೆ. ನನ್ನ ಜೊತೆ ಬರ್ತೀರಾ?" ಎಂದು ಕೇಳಿದ್ದ. ಅವಳ ಇಡೀ ಮೈ ಹೂಂ ಅಂದಿತ್ತು. ಬಾಯಿ ಮಾತ್ರ, "ಯೋಚನೆ ಮಾಡ್ತೀನಿ," ಅಂದಿತ್ತು.

ಯೋಚನೆ ಮಾಡಿದಳು. ಕೋವಿಯನ್ನು ಇಳಿಸಿ ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದಳು.

"ಎಲ್ಲಿ ಹೋಯ್ತೇ ಅದು?" ಅಜ್ಜಿ ಕೇಳಿದಳು.

"ಒಂದು ಪರೀಕ್ಷೆ ಅಜ್ಜೀ."

"ಯಾರಿಗೆ, ಅವನಿಗೋ ನಿನಗೋ?"

ಶನಿವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಲ್ಡನ್ ಬಂದ. ಈ ಸಲ ಹುಬ್ಬಿನಲ್ಲಿ ಮರದ ಪುಡಿ ಇರಲಿಲ್ಲ. ಟ್ರೆಸ್ಸಿ ನೀಲಿ ಫ್ರಾಕು ತೊಟ್ಟು ಬೇಕೆಂದೇ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ನೋಡಿದರೆ ನನ್ನನ್ನೇ ನೋಡಬೇಕು. ನೋಡಿದ, ಅವನ ಮುಖ ಒಂದು ಗಳಿಗೆ ಬೆಳಗಿತು ಕೂಡ. ಆಮೇಲೆ ಕಣ್ಣು ಅಗ್ಗಿಷ್ಟಿಕೆಯ ಕಡೆ ಹೋಯಿತು. ಬರಿದಾದ ಗೂಟ ಕಂಡು ಬೆಳಕೆಲ್ಲ ಇಳಿಯಿತು.

"ಕೋವಿ ಎಲ್ಲಿ? ಯಾರಿಗಾದರೂ ಕೊಟ್ಟುಬಿಟ್ರಾ?"

"ಕೊಟ್ಟರೆ ನಿಮಗೇನು ನಷ್ಟ?"

"ಟ್ರೆಸ್ಸಿ, ನನ್ನ ಮಾತು ಕೇಳಿ. ಅದನ್ನ ಬೇರೆ ಯಾರಿಗೂ ತೋರಿಸಬೇಡಿ."

ಆ ಮಾತು! ಅಕ್ಷರ ತಪ್ಪದೆ ಅದೇ ಮಾತು. ಕೊಳ್ಳಲು ಬರುವವರೆಲ್ಲ ಹೇಳುವ ಆ ಎರಡನೆಯ ಮಾತು.

"ಅಂತೂ ಬಾಯಿಬಿಟ್ರಿ. ಇನ್ನು ಈ ಮೆಟ್ಟಿಲು ಹತ್ತಬೇಡಿ. ಬೇಕಾದರೆ ಅದನ್ನೂ ಕಿತ್ಕೊಂಡು ಹೋಗಿ."

ಅವನು ಏನೋ ಹೇಳಹೊರಟ. ಒಳಗೆ ಕೂತಿದ್ದ ಅಜ್ಜಿಯತ್ತ ನೋಡಿ ನುಂಗಿಕೊಂಡ. ಟೋಪಿ ಹಾಕಿಕೊಂಡು ಇಳಿದುಹೋದ.

ತೋರಿಸಬೇಡ ಎಂದಮೇಲೆ ತೋರಿಸದೆ ಬಿಡುವ ಹೆಣ್ಣಲ್ಲ ಟ್ರೆಸ್ಸಿ. ಮುಂದಿನ ವಾರವೇ ಪೇಟೆಯ ಕೋವಿ ಪ್ರದರ್ಶನಕ್ಕೆ ಹೊತ್ತೊಯ್ದಳು. ಸಾಲು ಮೇಜುಗಳ ಕೊನೆಯಲ್ಲಿ ಹಳೆಯ ಕೋವಿಗಳ ಗುರುತು ಹೇಳುವ ಮುದುಕನೊಬ್ಬ ಕೂತಿದ್ದ. ಅವನು ನಳಿಗೆಯ ಬಾಯಿಗೆ ಕಿರುಬೆರಳಿಟ್ಟ. ಕುಳಿಯನ್ನು ಮೂಸಿದ. ಒಂದು ತಿರುಪನ್ನು ಬಿಚ್ಚಿ ಬೆಳಕಿಗೆ ಹಿಡಿದ. ಅಕ್ಕಪಕ್ಕದ ಮೇಜಿನವರು ಕೇಳದಂತೆ ದನಿ ತಗ್ಗಿಸಿದ.

"ಇದು ಲೆವೈ ಮಾಡಿದ್ದಲ್ಲಮ್ಮ. ನಳಿಗೆ ಒಳಗೆ ಸುರುಳಿ ಗೀರು ಇರಬೇಕು, ಈಡು ತಿರುಗ್ತಾ ಹೋಗೋಕೆ. ಇಲ್ಲಿ ಬೆರಳಿಡು. ನುಣ್ಣಗಿದೆ. ಇದು ಕೊಳಾಯಿ ಪೈಪು. ಹೊರಗೆ ಅರ ಹಾಕಿ ಎಂಟು ಮೂಲೆ ತೆಗೆದಿದಾರೆ. ಈ ಕುಳಿ ಒಂದು ದಿನಾನೂ ಕೊಬ್ಬು ಕಂಡಿಲ್ಲ. ತಿರುಪು ಹಾರ್ಡ್‌ವೇರ್ ಅಂಗಡೀದು."

"ಯಾರೋ ಮೋಸ ಮಾಡಿದಾರಾ?"

"ಮೋಸಗಾರ ಇಷ್ಟು ಪ್ರೀತಿಯಿಂದ ಕೆತ್ತಲ್ಲ. ಕೋವಿ ಬಲ್ಲವನು ಯಾರೇ ಆಗಲಿ, ಕೈಗೆ ತಗೊಂಡ ಕ್ಷಣಕ್ಕೇ ಹೇಳಿಬಿಡ್ತಿದ್ದ."

ಕೈಗೆ ತಗೊಂಡ ಕ್ಷಣಕ್ಕೆ.

ಟ್ರೆಸ್ಸಿಯ ಕಣ್ಣ ಮುಂದೆ ಆ ಮೊದಲ ದಿನದ ಕಿರುಬೆರಳು ಬಂದು ನಿಂತಿತು. ಹಾಗಾದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಟಾರ್ಚ್ ಮರೆತ. ಗೊತ್ತಿದ್ದೂ ಮೆಟ್ಟಿಲು ಕಟ್ಟಿದ. ಒಲೆಗೆ ಹಾಕಲಷ್ಟೇ ಯೋಗ್ಯವಾದ ಆ ಮರದ ತುಂಡಿಗಾಗಿ ಯಾವ ಕಳ್ಳ ಜೇನು ಹೊತ್ತು ತರುತ್ತಾನೆ?

ಮನೆಗೆ ಬಂದು ಕೋವಿಯನ್ನು ಸದ್ದಿಲ್ಲದೆ ಗೂಟಕ್ಕೇರಿಸುವಾಗ ಅಜ್ಜಿ ಕೌದಿಯಿಂದ ತಲೆಯೆತ್ತದೆ ಕೇಳಿದಳು: "ಹೇಳಿಬಿಟ್ಟರಾ ನಿನಗೂ?"

ಟ್ರೆಸ್ಸಿ ಗಕ್ಕನೆ ತಿರುಗಿದಳು. "ಅಜ್ಜೀ! ನಿನಗೆ ಗೊತ್ತಿತ್ತಾ?"

"ನನಗೆ ಎದೆರೋಗ ಬಂದು ಒಂದು ಚಳಿಗಾಲವೆಲ್ಲ ಆಸ್ಪತ್ರೇಲಿದ್ದೆ. ಆಗಲೇ ನಿಮ್ಮಜ್ಜ ಲೆವೈ ಕೋವಿ ಮಾರಿದ, ನನ್ನ ಉಳಿಸಿಕೊಳ್ಳೋಕೆ. ನಾನು ಬಂದಾಗ ಗೂಟ ಖಾಲಿ ಕಾಣಬಾರದು ಅಂತ ಕೊಟ್ಟಿಗೇಲಿ ಕೂತು ಇದನ್ನ ಕೆತ್ತಿದಾನೆ. ಬಂದ ದಿನವೇ ಒರೆಸೋಕೆ ಇಳಿಸಿದೆ. ಕುಳೀಲಿ ಕರಡಿ ಕೊಬ್ಬಿನ ವಾಸನೆ ಇಲ್ಲ, ವಾರ್ನಿಷ್ ವಾಸನೆ." ಅಜ್ಜಿ ದಾರ ಕಚ್ಚಿ ಹರಿದಳು. "ಅವನ ಕೈ ನೋಡಿದೆ. ಬೆರಳಿಗೆಲ್ಲ ಉಳಿ ತಾಗಿದ ಗಾಯ. ಏನಂತ ಕೇಳ್ಲಿ ಹೇಳು? ಸುಮ್ಮನೆ ಗೂಟಕ್ಕೆ ಹಾಕಿದೆ. ಸಾಯೋವರೆಗೂ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ."

"ಮತ್ತೆ ಎಲ್ಡನ್?"

"ಆ ಹುಡುಗ ನನಗೆ ಗೊತ್ತಿಲ್ಲ ಅಂದ್ಕೊಂಡು ನನ್ನ ಕಾಪಾಡ್ತಿದ್ದ. ಅವನು ಕಾಪಾಡೋದು ಚೆಂದ ಕಾಣ್ತಿತ್ತು, ಅದಕ್ಕೆ ನಾನೂ ಬಿಟ್ಟೆ. ಇಂಥಾದ್ದಕ್ಕೆ ಬಾಯಿ ಮುಚ್ಚಿಕೊಂಡಿರೋ ಗಂಡಸು ಈ ಮನೆಗೆ ಬಂದಿದ್ದು ಅವನು ಎರಡನೆಯವನು ಕಣೇ."

"ನನಗಾದರೂ ಹೇಳಬಾರದಿತ್ತಾ!"

"ನೀನು ಕೇಳಿದ್ಯಾ? ಅನುಮಾನ ಪಡೋರು ಏನನ್ನೂ ಕೇಳಲ್ಲ. ಎಲ್ಲಾ ಗೊತ್ತು ಅಂದ್ಕೊಂಡಿರ್ತಾರೆ."

ಸೋಮವಾರ ಬೆಳಗ್ಗೆ ಕನ್ನಡಿಯಲ್ಲಿ ತುಕ್ಕಿನ ಬಣ್ಣವಿರಲಿಲ್ಲ. ಮಂಗಳವಾರವೂ ಇಲ್ಲ. ಹಿಂದಿನ ಕಿಟಕಿಯ ತುಂಬ ಬರೀ ರಸ್ತೆ. ಒಂದು ಟ್ರಕ್ಕು ಇಲ್ಲದ ರಸ್ತೆ ಇಷ್ಟು ಖಾಲಿ ಕಾಣುತ್ತದೆಂದು ಟ್ರೆಸ್ಸಿಗೆ ಗೊತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಕೊನೆಯ ಮಗುವನ್ನು ಇಳಿಸಿ ಹಿಂತಿರುಗುವಾಗ, ತೊರೆಯ ತಿರುವಿನಲ್ಲಿ ಎದುರಿನಿಂದ ಆ ಟ್ರಕ್ಕು ಬಂತು. ಅವಳನ್ನು ಕಂಡು ಪಕ್ಕಕ್ಕೆ ಸರಿಯಿತು. ಮುಖ ತಪ್ಪಿಸಿ ಹಾದುಹೋಗುವ ಆಲೋಚನೆ.

ಟ್ರೆಸ್ಸಿ ಬ್ರೇಕು ಒತ್ತಿ ಗುಂಡಿ ಅದುಮಿದಳು. ಕೆಂಪು ದೀಪಗಳು ಮಿನುಗಿದವು. ನಿಲ್ಲು ಎಂಬ ಫಲಕ ಕಟಕಟನೆ ಹೊರಚಾಚಿತು.

ಟ್ರಕ್ಕು ನಿಂತಿತು. ನಿಲ್ಲಲೇಬೇಕು.

ಎಲ್ಡನ್ ಕಿಟಕಿಯಿಂದ ತಲೆ ಹೊರಹಾಕಿದ. "ಮಕ್ಕಳೆಲ್ಲಿ?"

"ಮಕ್ಕಳಿಲ್ಲ."

"ಹಾಗಾದರೆ ಇದು ಕಾನೂನಿಗೆ ವಿರುದ್ಧ."

"ಗೊತ್ತು. ಇಳಿದು ಬಾ."

ಅವನು ಬಂದು ಬಸ್ಸಿನ ತೆರೆದ ಬಾಗಿಲ ಕೆಳಗೆ ನಿಂತ. ಹುಬ್ಬಿನಲ್ಲಿ ಮತ್ತೆ ಮರದ ಪುಡಿ.

"ಮೊದಲ ದಿನವೇ ಗೊತ್ತಾಗಿತ್ತಾ?"

"ಬೆರಳಿಟ್ಟ ತಕ್ಷಣ."

"ಅಜ್ಜಿಗೂ ಗೊತ್ತಿತ್ತು. ನೀನು ಬರೋಕೆ ಎಷ್ಟೋ ಮೊದಲಿಂದಲೂ."

ಎಲ್ಡನ್ ಮೆಲ್ಲಗೆ ನಕ್ಕ. "ಅಯ್ಯೋ ಮಿಸ್ ಡೆಲ್ಫಿಯಾ! ಯಾರಾದರೂ ಆ ಕೋವಿ ನೋಡಿ ನಕ್ಕರೆ, ಆ ಮಾತು ಅವರ ಕಿವಿಗೆ ಬಿದ್ದರೆ ಅಂತ ನಾನು ನಿದ್ದೆ ಬಿಟ್ಟೆ."

"ಕೋವಿ ಸುಳ್ಳು ಅಂತ ಗೊತ್ತಿದ್ದೂ ಮತ್ತೆ ಯಾಕೆ ಬಂದೆ?"

"ಟಾರ್ಚ್..."

"ಎಲ್ಡನ್."

ಅವನು ಟೋಪಿ ತೆಗೆದು ಹಿಂಡತೊಡಗಿದ. "ಅವತ್ತು ಬಾಗಿಲು ತೆಗೆದಾಗ ನಾನು ನಿನ್ನ ನೋಡಲಿಲ್ಲ ಅಂತ ಸಿಟ್ಟು, ಅಲ್ವಾ? ನೋಡಿದ್ದೆ. ನೋಡಿ ಎದೆ ಧಸಕ್ಕೆಂದು ಕೋವಿ ಕಡೆ ತಿರುಗಿದೆ. ಕೋವಿ ನೋಡೋದು ನನಗೆ ಬರುತ್ತೆ. ಇದು ಬರಲ್ಲ."

"ಮತ್ತೆ ಬೆಳಗ್ಗೆ ಬೆಳಗ್ಗೆ ಬಸ್ಸಿನ ಹಿಂದೆ?"

"ಕನ್ನಡೀಲಿ ಆದರೆ ನೋಡೋಕೆ ಧೈರ್ಯ ಬರ್ತಿತ್ತು."

ಹಿಂದೆ ಯಾರದೋ ಗಾಡಿ ಬಂದು ನಿಂತು ಹಾರ್ನ್ ಹೊಡೆಯಿತು. "ಏ ಟ್ರೆಸ್ಸೀ! ಮಗು ಹತ್ತಿತಾ ಇಲ್ವಾ?"

"ಇನ್ನೂ ಇಲ್ಲ! ಸ್ವಲ್ಪ ತಡೀರಿ!" ಎಂದು ಕೂಗಿ ಅವಳು ಅವನತ್ತ ತಿರುಗಿದಳು. "ಹತ್ತು."

ಎಲ್ಡನ್ ಹತ್ತಿದ. ಅವನ ಹಿಂದೆ ಬಾಗಿಲು ಉಸಿರುಬಿಟ್ಟು ಮುಚ್ಚಿಕೊಂಡಿತು. ಟ್ರೆಸ್ಸಿ ಕೈ ಚಾಚಿ, ಇಷ್ಟು ದಿನ ಕಾದಿದ್ದ ಆ ಮರದ ಪುಡಿಯನ್ನು ಹುಬ್ಬಿನಿಂದ ಹೆಬ್ಬೆರಳಲ್ಲಿ ಒರೆಸಿದಳು. ಅವನ ಕಣ್ಣು ಅಭ್ಯಾಸಬಲದಿಂದ ಅವಳ ಹೆಗಲಾಚೆಗೆ ಓಡಿತು.

"ಅಲ್ಲಿ ಕೋವಿ ಇಲ್ಲ," ಅಂದಳು. "ಈ ಕಡೆ ನೋಡು."

ನೋಡಿದ.

ಹೊರಗೆ ಕೆಂಪು ದೀಪ ಮಿನುಗುತ್ತಲೇ ಇತ್ತು. ಎರಡೂ ಕಡೆಯ ಗಾಡಿಗಳು ಕಾಯಲೇಬೇಕಿತ್ತು, ಕಾದವು.