ಕರಿಗೈಯವನ ಒಗರು ವೈನ್

ಮೊದಲ ಗುಟುಕಿಗೇ ಅವಳ ಮುಖ ಕಿವುಚಿಕೊಂಡಿತು.

"ಯಾರ್ರೀ ಕುಡೀತಾರೆ ಇದನ್ನ? ಎಳೆ ಬಾಳೆಕಾಯಿ ಕಚ್ಚಿದ ಹಾಗಿದೆ, ಅಷ್ಟು ಒಗರು."

ಹೋಟೆಲಿನ ಹಿಂಬಾಗಿಲಲ್ಲಿ ಬಾಟಲಿ ಹಿಡಿದು ನಿಂತಿದ್ದವನು ಸಿಟ್ಟಾಗಲಿಲ್ಲ. ಎದುರಿನ ಗುಡ್ಡದಲ್ಲಿ ಮಾತ್ರ ಬೆಳೆಯುವ ಕಪ್ಪು ದ್ರಾಕ್ಷಿಯ ತೋಟ ಅವನದು. ಬೆರಳಿಗೆ ಹತ್ತಿದ ಬಣ್ಣ ಎಂದೂ ಹೋಗದೆ ಎಲ್ಲರ ಬಾಯಲ್ಲಿ 'ಕರಿಗೈ' ಆಗಿದ್ದ.

ಒಲೆಯ ಮೇಲೇನಿದೆ ಎಂದು ಕೇಳಿದ. ಅಡುಗೆಯವಳಾದ ಅವಳು ಬೆಳಗಿನಿಂದ ಸಣ್ಣ ಉರಿಯಲ್ಲಿ ಬೇಯಿಸುತ್ತಿದ್ದ ಕುರಿಯ ತೊಡೆ. ಒಂದು ಚೂರು ತಿಂದು ಮತ್ತೆ ಕುಡಿಯಿರಿ ಎಂದ.

ತಿಂದಳು. ಕುಡಿದಳು. ಕೊಬ್ಬು ಒಗರನ್ನು ಮೆತ್ತಗಾಗಿಸಿತ್ತು; ಒಗರು ಕೊಬ್ಬನ್ನು ತೊಳೆದು ಇನ್ನೊಂದು ತುತ್ತು ಬೇಡುತ್ತಿತ್ತು. ತಲೆಯೆತ್ತಿದರೆ ಅವನು ತನ್ನನ್ನೇ ನೋಡುತ್ತಿದ್ದಾನೆ...

'ಇವನೂ ಇವನ ವೈನಿನ ಹಾಗೇ, ಮೊದಲ ನೋಟಕ್ಕೆ ಸೇರುವವನಲ್ಲ' ಅಂದುಕೊಂಡಳು. ಆದರೂ ಖಾಲಿ ಲೋಟವನ್ನು ಮತ್ತೆ ಅವನತ್ತ ಚಾಚಿದಳು.

ಆಮೇಲೆ ವಾರವಾರವೂ ಬಂದ. ಹಳೆಯ ಗಟ್ಟಿ ಚೀಸ್, ಸುಟ್ಟ ಅಣಬೆ, ಮೆಣಸು ಜಜ್ಜಿ ಹುರಿದ ಮಾಂಸ, ಎಲ್ಲದರ ಜೊತೆಗೂ ಜಗಳವಾಡುತ್ತಲೇ ರುಚಿ ನೋಡಿದರು. ಮೀನು ಮಾತ್ರ ಕೂಡಿಬರಲಿಲ್ಲ, ಕಬ್ಬಿಣ ನೆಕ್ಕಿದಂತಾಯಿತು. ಹೋಟೆಲಿನ ಒಡತಿಯಾದ ಅವಳ ಚಿಕ್ಕಮ್ಮ, ಮೀನಿಗೆ ಕೂಡದಿದ್ದರೇನು, ನಿಮಗೆ ಕೂಡಿಬಂತಲ್ಲ ಎಂದು ಕಾಲೆಳೆದಳು.

ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರ ಇಳಿಯಿತು, ಅದರಲ್ಲಿ ಹೋದ ವಾಸನೆ ಹಿಡಿಯುವ ಶಕ್ತಿ ಮಾತ್ರ ಮರಳಲಿಲ್ಲ. ಬೆಳ್ಳುಳ್ಳಿ ಸೀದು ಕರಿಯಾದರೂ ತಿಳಿಯದು. ಮಾಂಸವೆಂದರೆ ಬಾಯಲ್ಲಿ ಒದ್ದೆ ಬಟ್ಟೆ. ಅದು ಮರಳಿದರೂ ಮರಳೀತು, ಮರಳದೆಯೂ ಇರಬಹುದು ಎಂದರು ವೈದ್ಯರು.

ಮೂಗಿಲ್ಲದ ಅಡುಗೆಯವಳು ಯಾರಿಗೆ ಬೇಕು? ಅವಳು ಯಾರಿಗೂ ಹೇಳಲಿಲ್ಲ. ಕೈಯ ರೂಢಿಯ ಮೇಲೆ ಒಗ್ಗರಣೆ ಹಾಕುತ್ತ ದಿನ ತಳ್ಳಿದಳು.

ಅದೇ ಹೊತ್ತಿಗೆ ಅವನು ಆ ವರ್ಷದ ವೈನ್ ತಂದ. ಮುಖ ಕಳೆಗುಂದಿತ್ತು. ಸುಮ್ಮನೆ ಲೋಟಕ್ಕೆ ಸುರಿದು, ಹೇಗಿದೆ ಎಂದ.

ನಾಲಿಗೆಗೆ ಒಗರಷ್ಟೇ ತಾಗಿತು.

"ಚೆನ್ನಾಗಿದೆ... ಯಾವಾಗಲೂ ಇರೋ ಹಾಗೇ."

ಅವನು ಅವಳನ್ನು ದಿಟ್ಟಿಸಿದ. ಬಿರಡೆ ಒತ್ತಿ ಬಾಟಲಿ ತೆಗೆದುಕೊಂಡು ಹೋದವನು ಮತ್ತೆ ಬರಲಿಲ್ಲ.

ಕಾರಣ ತಿಳಿದದ್ದು ಚಿಕ್ಕಮ್ಮನಿಂದ. ಪೀಪಾಯಿಗಳಿಗೆ ಬೂಷ್ಟು ಹಿಡಿದು ವೈನೆಲ್ಲ ನಾರುತ್ತಿತ್ತಂತೆ. ಅಷ್ಟನ್ನೂ ಚರಂಡಿಗೆ ಸುರಿದನಂತೆ. ನಿಜ ಹೇಳುವ ಒಂದು ನಾಲಿಗೆ ಇದೆ ಅಂದುಕೊಂಡಿದ್ದೆ, ಅವಳೂ ನನ್ನ ಮೇಲೆ ಕನಿಕರಪಟ್ಟು ಸುಳ್ಳು ಹೇಳಿದಳು ಎಂದನಂತೆ.

ಅವಳು ಮತ್ತೆ ಒಲೆಯತ್ತ ತಿರುಗಿದಳು. ಕೆಲವು ದಿನಗಳಲ್ಲೇ ಕೆಟ್ಟ ಮಾಂಸ ಬೇಯಿಸಿ ಬಡಿಸಿದಳು. ಊಟಕ್ಕೆ ಬಂದವರು ತಟ್ಟೆ ತಳ್ಳಿ ಎದ್ದರು. ಚಿಕ್ಕಮ್ಮ ಮೂಗು ಮುಚ್ಚಿಕೊಂಡು, ನಿನಗೆ ಗೊತ್ತಾಗಲೇ ಇಲ್ವಾ ಎಂದು ಕೇಳಿದಾಗ ಅವಳು ಇಲ್ಲವೆಂದು ತಲೆಯಾಡಿಸಿ ಸೌಟು ಕೆಳಗಿಟ್ಟಳು. ಆ ದಿನದಿಂದ ಒಲೆಯ ಮುಂದೆ ನಿಲ್ಲಲಿಲ್ಲ.

ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲ ಅನ್ನಿಸಿದ ಒಂದು ಮಧ್ಯಾಹ್ನ ಗುಡ್ಡ ಹತ್ತಿದಳು.

ಅವನು ಪೀಪಾಯಿಗಳನ್ನು ಒಡೆದು ಹಲಗೆ ರಾಶಿ ಹಾಕುತ್ತಿದ್ದ. ತಿರುಗಿ ನೋಡಲಿಲ್ಲ.

"ನಂಗೆ ವಾಸನೆ ಗೊತ್ತಾಗಲ್ಲ. ಜ್ವರ ಬಂದಾಗಿಂದ. ಆವತ್ತೂ ಗೊತ್ತಾಗಿರಲಿಲ್ಲ."

ಸುತ್ತಿಗೆ ನಿಂತಿತು.

"ಯಾಕೆ ಹೇಳಲಿಲ್ಲ?"

"ರುಚಿಯಿಂದಲೇ ತಾನೆ ನಾನು ನಿಂಗೆ ಬೇಕಾಗಿದ್ದು? ಅದೂ ಹೋದರೆ..."

ಅವನು ಬಂದು ಅವಳನ್ನು ತಬ್ಬಿಕೊಂಡ. ಅವನ ಭುಜಕ್ಕೆ ಮುಖವೊತ್ತಿ ಅವಳು ಉಸಿರೆಳೆದುಕೊಂಡಳು. ಏನೂ ಬರಲಿಲ್ಲ. ಬೆವರಿಲ್ಲ, ಮರವಿಲ್ಲ, ಮಣ್ಣಿಲ್ಲ. ಬರೀ ಮೈಯ ಬಿಸಿ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ವಾಸನೆ ವಾಪಸ್ ಬರುತ್ತೆ ಅಂತ ಹೇಳಲಾ?"

"ಬೇಡ. ಗೊತ್ತಿಲ್ಲದ್ದನ್ನ ಹೇಳಬೇಡ."

"ಸರಿ. ಗೊತ್ತಿರೋದು ಹೇಳ್ತೀನಿ. ತೋಟ ಉಳಿಯುತ್ತೋ ಇಲ್ಲವೋ... ನೀನಿಲ್ಲದೆ ನಂಗಾಗಲ್ಲ."

"ನಂಗೂ," ಎಂದಳು ಅವಳು, ಮುಖವೆತ್ತದೆ.